ಅರಿಶಿನ ಬಳಿದ ಗೊರಸು

ಹತ್ತಿಮತ್ತೂರಿನಿಂದ ತಂದ ಆಕಳು ಗಾಡಿಯಿಂದ ಇಳಿದಾಗ ನನ್ನ ಕಣ್ಣು ಮೊದಲು ಹೋದದ್ದು ನೊಣಗಳ ಮೇಲೆ. ಮೈಮೇಲೆಲ್ಲ ಅಲ್ಲ, ಹಿಂದಿನ ಎಡಗಾಲಿಗಷ್ಟೇ ಮುತ್ತಿದ್ದವು. ಮಾರಿದವನೇ ನಾಲ್ಕೂ ಗೊರಸಿಗೆ ದಪ್ಪಗೆ ಅರಿಶಿನ ಬಳಿದಿದ್ದ. ಪೂಜೆ ಮಾಡಿ ಕಳಿಸಿದ್ದಾನೆಂದು ನನ್ನ ಗಂಡನಿಗೆ ಹಿಗ್ಗು. ಅವರು ಮೈಮೇಲಿನ ಶುಭದ ಸುಳಿ ನೋಡಿದ್ದರು, ಹಲ್ಲು ನೋಡಿದ್ದರು, ಎರಡು ಹೊತ್ತು ಹಾಲು ಹಿಂಡಿಸಿ ನೋಡಿದ್ದರು. ಕಾಲೆತ್ತಿ ನೋಡಿರಲಿಲ್ಲ.

ನಮ್ಮ ಮನೆಯಲ್ಲಿ ಹೊಸ ಆಕಳು ಬಂದರೆ ಸೊಸೆ ಅದರ ಕಾಲು ತೊಳೆಯಬೇಕು. ಆ ನೀರನ್ನು ದನದ ಮನೆಯಲ್ಲೆಲ್ಲ ಚಿಮುಕಿಸಿ, ಹಳೆಯವುಗಳ ಪಕ್ಕದಲ್ಲೇ ಅದನ್ನು ಕಟ್ಟಬೇಕು. ಒಳಗೆ ಎರಡು ಆಕಳಿದ್ದವು. ಅದರಲ್ಲೊಂದು ತುಂಬು ಗಬ್ಬ. ಕರುವಾಗಿದ್ದಾಗಿನಿಂದ ಅತ್ತೆಯೇ ಸಾಕಿದ್ದು.

ಅಗಲವಾದ ಹಿತ್ತಾಳೆ ಪರಾತದಲ್ಲಿ ಕಾಲು ಇಡಿಸಿ ನೀರು ಹಾಕಿದೆ. ಅರಿಶಿನ ಕರಗಿದ್ದೇ ತಡ, ವಾಸನೆ ಎದ್ದಿತು. ಕೊಳೆತ ಮಾಂಸದ್ದು, ಸಿಹಿಸಿಹಿ, ಗಂಟಲಿಗೆ ಅಂಟುವಂಥದ್ದು. ಗೊರಸಿನ ಸಂದಿಯಲ್ಲಿ ಕೆಂಪಗೆ ಹಸಿ ಹುಣ್ಣು. ಅದರ ಬೂದು ಲೋಳೆ ನನ್ನ ಬೆರಳು ದಾಟಿ ಬಳೆಗಳ ನಡುವೆ ಇಳಿಯಿತು. ಆ ಲೋಳೆಗಿಂತ ಹೇಸಿಗೆ ಎನಿಸಿದ್ದು ಆ ಅರಿಶಿನ. ದೇವರಿಗೆ ಹಚ್ಚುವುದನ್ನೇ ತಂದು ಹುಣ್ಣಿನ ಮೇಲೆ ಮೆತ್ತಿದ್ದ.

ಅತ್ತೆ ನೀರಿಗೆಂದು ತಂಬಿಗೆ ಚಾಚಿದರು. ನಾನು ಪರಾತವನ್ನೇ ಎತ್ತಿಕೊಂಡು ಹೋಗಿ, ದನ ತುಳಿಯದ ಗುಂಡಿಗೆ ಸುರಿದು ಬಂದೆ.

“ಲಕ್ಷ್ಮೀ ಕಾಲ ತೊಳದ ನೀರ ಚೆಲ್ಲಿ ಬಂದೆಲ್ಲ, ನಿಮ್ಮ ಕಾನ್ವೆಂಟ್‌ನ್ಯಾಗ ಇದನ್ನ ಕಲಿಸ್ಯಾರೇನ?” ಎಂದರು ಅತ್ತೆ.

ತೊಳೆಯದ ಕೈಯನ್ನು ಅವರ ಮುಂದೆ ಹಿಡಿದೆ. “ಮೂಸಿ ನೋಡ್ರಿ. ಇದನ್ನ ಒಳಗ ಚಿಮುಕಿಸಿದ್ರ ನಿಮ್ಮ ಗಬ್ಬದಾಕಿನೂ ಕುಂಟತಾಳ.”

ಮೂಸಿದರು. ಸೆರಗು ಮೂಗಿಗೆ ಹೋಯಿತು. ಹೊಸದನ್ನು ಅಲ್ಲಿ ಕಟ್ಟು ಎಂಬಂತೆ ಹಿತ್ತಲ ಬೇವಿನ ಗಿಡದತ್ತ ಕೈ ತೋರಿಸಿದರು.

ದನದ ಡಾಕ್ಟರು ಬಂದು, ಇದು ಅಂಟುವ ರೋಗ, ಪೂರ್ತಿ ಮಾಯುವವರೆಗೆ ಬೇರೆಯೇ ಇರಲಿ ಎಂದರು. ಹೊಸದಕ್ಕೆ ಬೇರೆ ಬಕೆಟ್ಟು, ಬೇರೆ ಕಸಬರಿಗೆ, ನನಗೆ ಬೇರೆ ಚಪ್ಪಲಿ. ದನದ ಮನೆಯ ಬಾಗಿಲಲ್ಲಿ, ಕಾಲು ಅದ್ದಿ ಒಳಹೋಗಲು, ಮೈಲುತುತ್ತ ಕಲಸಿದ ನೀಲಿ ನೀರು. ಸುಳಿ ಮಾತ್ರ ಚಲೋ ಇತ್ತು ಎಂದು ಗಂಡ ಎರಡು ದಿನ ಗೊಣಗಿದರು. ಎಷ್ಟು ಸೋಪು ಹಚ್ಚಿದರೂ ಊಟದ ಹೊತ್ತಿಗೆ ಕೈಯಿಂದ ಅದೇ ವಾಸನೆ ಬಂದಂತಾಗಿ, ನಾನು ಚಮಚದಲ್ಲಿ ಉಣ್ಣತೊಡಗಿದೆ.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಗಬ್ಬದ ಆಕಳು ಹಿಂಗಾಲು ಎತ್ತಿ ಹಾಗೇ ನಿಂತಿತು. ನನ್ನ ಕೈಯಲ್ಲಿದ್ದ ಹುಲ್ಲು ಜಾರಿತು. ಗೊರಸು ಮುಟ್ಟಲು ಹೇಸುತ್ತಿದ್ದ ಅತ್ತೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಆ ಕಾಲನ್ನು ಮಡಿಲಿಗೆ ಎಳೆದುಕೊಂಡು, ಸಂದಿಗೆ ಮೂಗು ಹಚ್ಚಿ ಎರಡು ಸಲ ಮೂಸಿದರು.

“ಬರೇ ಸಗಣಿ ನಾತ ಐತಿ,” ಎಂದರು.