ಗೌರಿ ಕೂತ ಡಿಮ್ಮರ್ ಪೆಟ್ಟಿಗೆ

ಆಗೆಲ್ಲ ನ್ಯಾಮತಿಯ ನಮ್ಮ ಓಣಿಯಲ್ಲಿ ಗೌರಿ ಹುಣ್ಣಿಮೆಗೆ ಮಣ್ಣಿನ ಗೌರಿ ಕೂರುತ್ತಿದ್ದದ್ದು ನಮ್ಮ ಮನೆಯಲ್ಲೇ. ಸಂಜೆಯಾದರೆ ಹುಡುಗಿಯರೆಲ್ಲ ಹೊಸ ಲಂಗ ಉಟ್ಟು, ತಟ್ಟೆಯಲ್ಲಿ ಸಕ್ಕರೆ ಆನೆ, ಸಕ್ಕರೆ ನವಿಲು ಇಟ್ಟುಕೊಂಡು ಆರತಿ ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ಯಾರು ಮುಂದೆ ಕೂರಬೇಕು, ಯಾರು ಹಿಂದೆ ಎಂದು ಹೇಳುವವಳು ನಾನು. ಯಾಕೆಂದರೆ ಹಾಡುವವಳು ನಮ್ಮಜ್ಜಿ. ಗೌರಿಯನ್ನು ಗಂಡನ ಮನೆಗೆ ಕಳಿಸುವ ಹಾಡು ಇಡೀ ಓಣಿಯಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ಆ ಜಂಬ ಎಷ್ಟಿತ್ತೆಂದರೆ, ಈಗ ನೆನೆದರೂ ನನ್ನ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತದೆ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅದೆಲ್ಲ ಪಕ್ಕದ ಮನೆಗೆ ಹೋಯಿತು. ಅದು ನನ್ನ ಗೆಳತಿ ಶೈಲಾಳ ಮನೆ. ಅವಳಪ್ಪ ಚಂದ್ರಣ್ಣ ಸುತ್ತಲ ಊರುಗಳ ನಾಟಕಗಳಿಗೆ ಮೈಕು, ಲೈಟು ಬಾಡಿಗೆಗೆ ಕೊಡುತ್ತಿದ್ದರು. ರಂಗದ ಮೇಲೆ ಬೆಳಕು ಏರಿಸಿ ಇಳಿಸುವ ಹಳೆಯ ಡಿಮ್ಮರ್ ಪೆಟ್ಟಿಗೆಯೊಂದನ್ನು ತಂದು ತಮ್ಮ ನಡುಮನೆಯ ಬಲ್ಬಿಗೆ ಜೋಡಿಸಿದರು. ಗುಂಡಿ ತಿರುಗಿಸಿದರೆ ಬೆಳಕು ಮೆಲ್ಲಗೆ ಇಳಿದು ಹಳದಿಯಾಗುತ್ತಿತ್ತು, ಇನ್ನೂ ತಿರುಗಿಸಿದರೆ ಕೆಂಡದ ಹಾಗೆ ಕೆಂಪಗೆ. ಓಣಿಗೆ ಓಣಿಯೇ ಬಾಯಿ ಬಿಟ್ಟುಕೊಂಡು ನೋಡಿತು. ನನಗೆ ಹೊಟ್ಟೆಕಿಚ್ಚಿನಲ್ಲಿ ಊಟ ಸೇರಲಿಲ್ಲ. ನಮ್ಮ ಮನೆಯಲ್ಲಿದ್ದದ್ದು ಟ್ಯೂಬ್‌ಲೈಟು. ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ.

ಶೈಲಾ ಆ ಗುಂಡಿಯನ್ನು ನನಗೆ ಮುಟ್ಟಲೂ ಕೊಡುತ್ತಿರಲಿಲ್ಲ. "ಶಾಕ್ ಹೊಡಿತೈತೆ, ದೂರ ನಿಂತ್ಕಾ" ಎನ್ನುತ್ತಿದ್ದಳು. ಅವಳಿಗೆ ಮಾತ್ರ ಹೊಡೆಯದ ಶಾಕು!

ಅಜ್ಜಿಗೆ ಆಗ ಕಣ್ಣಿಗೆ ಪೊರೆ ಬಂದಿತ್ತು. ಟ್ಯೂಬ್‌ಲೈಟಿನ ಬೆಳಕು ಚುಚ್ಚುತ್ತದೆ ಎಂದು ಸೆರಗು ಮರೆಮಾಡಿಕೊಂಡು ಕೂರುತ್ತಿದ್ದಳು. ಒಂದು ಸಂಜೆ ಶೈಲಾಳ ಮನೆಯಿಂದ ಬಂದವಳೇ ಅಮ್ಮನಿಗೆ ಹೇಳಿದಳು: "ಈ ಸಲ ಗೌರೀನ ಅವರ ಮನೇಲೇ ಕೂರ್ಸಾನ ಕಣವ್ವ. ಆ ಬೆಳಕು ಕಣ್ಣಿಗೆ ತಂಪೈತೆ. ಆರತಿ ದೀಪ ಕಾಣ್ತೈತೆ, ಹುಡುಗ್ರ ಮುಖ ಕಾಣ್ತೈತೆ."

"ಅಂಗಾದ್ರೆ ನಮ್ಮನೆ?" ಎಂದೆ.

"ನಮ್ಮನೆ ಎಲ್ಲಿಗೆ ಹೋಗ್ತೈತೆ? ಇಲ್ಲೇ ಇರ್ತೈತೆ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹೇಗಾದರೂ ಅಜ್ಜಿಯ ಮನಸ್ಸು ತಿರುಗಿಸಬೇಕೆಂದು ಆ ಪೆಟ್ಟಿಗೆಯಲ್ಲಿ ಹುಳುಕು ಹುಡುಕತೊಡಗಿದೆ. ಚಂದ್ರಣ್ಣ ಬಂದವರ ಮುಂದೆಲ್ಲ "ಅರ್ಧ ಬೆಳಕಿಗೆ ಅರ್ಧ ಕರೆಂಟು" ಎಂದು ಕೊಚ್ಚಿಕೊಳ್ಳುತ್ತಿದ್ದರು. ಒಂದು ದಿನ ಶೈಲಾ ಇಲ್ಲದಾಗ ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ರೊಟ್ಟಿ ಹಂಚು ಮುಟ್ಟಿದ ಹಾಗೆ ಚುರ್ ಎಂದಿತು.

"ಕಾಕಾ, ಇದ್ಯಾಕೆ ಇಷ್ಟು ಸುಡ್ತೈತೆ?"

"ಒಳಗೆ ತಂತಿ ಸುರುಳಿ ಐತಲ್ಲವ್ವ, ಅದು ಕರೆಂಟಿಗೆ ಅಡ್ಡ ನಿಲ್ತೈತೆ. ಅದಕ್ಕೇ ಬಿಸಿ."

"ಅಂದ್ರೆ ಬಲ್ಬಿನಾಗೆ ಉರೀದಿದ್ದು ಇದರಾಗೆ ಉರೀತೈತೆ. ಉಳಿದಿದ್ದು ಎಲ್ಲಿ ಕಾಕಾ?"

ಚಂದ್ರಣ್ಣ ತಲೆ ಕೆರೆದುಕೊಂಡರು. "ಒಂಚೂರು ಉಳಿತೈತೆ ಬಿಡು. ಅರ್ಧ ಅಲ್ಲ ಅಷ್ಟೇ."

ಗೆದ್ದೆನೆಂದು ಓಡಿಬಂದು ಅಜ್ಜಿಗೆ ವರದಿ ಒಪ್ಪಿಸಿದೆ. "ನನಗೆ ಅದು ಕರೆಂಟು ಉಳಿಸಾಕೆ ಬೇಕಾಗಿಲ್ಲ ಮಗಾ, ನೋಡಾಕೆ ಬೇಕು" ಎಂದಳು.

ಆದರೂ ಪೆಟ್ಟಿಗೆ ನನ್ನ ಕೈಬಿಡಲಿಲ್ಲ. ಆ ಕರಿ ಡಬ್ಬಿ ನಡುಮನೆಯಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಶೈಲಾಳ ಅಮ್ಮ ಅದಕ್ಕೊಂದು ಖಣ ಹೊದಿಸಿ, ಎತ್ತರವೂ ಸರಿಯಾಗಿದೆಯೆಂದು ಗೌರಿಯನ್ನು ಅದರ ಮೇಲೆಯೇ ಕೂರಿಸಿದರು. ಗೌರಿ ಇನ್ನೂ ಹಸಿ ಮಣ್ಣು. ಎರಡನೇ ಸಂಜೆ ಆರತಿ ಎತ್ತುವ ಹೊತ್ತಿಗೆ ಬಟ್ಟೆ ಸೀದ ವಾಸನೆ. ನೋಡಿದರೆ ಗೌರಿಯ ಪಾದದಿಂದ ಸೊಂಟದವರೆಗೆ ಬಿರುಕು! ಎಲ್ಲರೂ ಕೆನ್ನೆ ಬಡಿದುಕೊಂಡರು. ಗೌರಿ ಅಲ್ಲಿ ಕೂತಾಗಿನಿಂದ ಆ ಮನೆಯೊಳಗೆ ಕಾಲಿಡುವುದಿಲ್ಲವೆಂದು ಹಠ ಹಿಡಿದಿದ್ದ ನಾನು ಹೊಸ್ತಿಲಾಚೆಯೇ ನಿಂತಿದ್ದೆ. ಒಳಗೊಳಗೇ ಕುಣಿದಾಡಿದೆ. ಗೌರಿ ಇನ್ನು ನಮ್ಮ ಮನೆಗೇ ಬರಬೇಕು, ಅಜ್ಜಿಯೂ ಬರಬೇಕು.

ಅಜ್ಜಿ ತಡವರಿಸುತ್ತ ಎದ್ದಳು. ಹಿತ್ತಲ ಮಣ್ಣು ತರಿಸಿ, ನೀರಲ್ಲಿ ಕಲಸಿ, ಬೆರಳಿನಿಂದ ಬಿರುಕು ತುಂಬಿ ಸವರಿದಳು. "ಗೌರಿಗೆ ಜ್ವರ ಬಂದಿತ್ತು ಕಣ್ರೆ. ಮಣೆ ಮೇಲೆ ಕೂರ್ಸಿ, ಇಳೀತೈತೆ" ಎಂದಳು. ಗಾಬರಿಯಾಗಿದ್ದವರೆಲ್ಲ ನಕ್ಕುಬಿಟ್ಟರು. ಗೌರಿ ಅದೇ ಮನೆಯಲ್ಲಿ ಮಣೆ ಏರಿದಳು.

ಆಮೇಲೆ ಅಜ್ಜಿ ಹೊಸ್ತಿಲ ಕಡೆ ತಿರುಗಿದಳು. "ಬಾರೆ ಒಳಗೆ. ಕಳಿಸೋ ಹಾಡು ಎಲ್ಲರಿಗೂ ಹೇಳಿಕೊಡ್ತೀನಿ. ಮುಂದಿನ ವರ್ಷ ನನ್ನ ದನಿ ಹೆಂಗಿರ್ತೈತೋ."

"ನನಗೆ ನಮ್ಮನೇಲಿ ಹೇಳಿಕೊಡು."

"ಗೌರಿ ಮುಂದೆ ಬಿಟ್ಟು ಬ್ಯಾರೆ ಕಡೆ ಆ ಹಾಡು ಬಾಯಿಗೆ ತರಬಾರದು ಕಣೆ. ಬಾ."

ನಾನು ಹೋಗಲಿಲ್ಲ. ಶೈಲಾ ಅಜ್ಜಿಯ ತೊಡೆಗೆ ಆತು ಕೂತಿದ್ದಳು. ಆ ಹಳದಿ ಬೆಳಕಿನಲ್ಲಿ ಅವಳು ಅಜ್ಜಿಯ ಸ್ವಂತ ಮೊಮ್ಮಗಳ ಹಾಗೇ ಕಾಣುತ್ತಿದ್ದಳು.

ಮುಂದಿನ ಹುಣ್ಣಿಮೆಯ ಹೊತ್ತಿಗೆ ಚಂದ್ರಣ್ಣ ಪೆಟ್ಟಿಗೆ ತೆಗೆದು, ಸ್ವಿಚ್‌ಬೋರ್ಡಿನಲ್ಲೇ ಒಂದು ಪುಟ್ಟ ಡಿಮ್ಮರ್ ಹಾಕಿಸಿದ್ದರು. ಮುಟ್ಟಿದರೆ ಬಿಸಿಯೇ ಇಲ್ಲ. ಅಷ್ಟರಲ್ಲಿ ಅಜ್ಜಿಯೇ ಇರಲಿಲ್ಲ.

ಈಗ ನಾನು ಹೊನ್ನಾಳಿಯಲ್ಲಿ ವಿಜ್ಞಾನದ ಟೀಚರು. ಆ ಪುಟ್ಟ ಡಿಮ್ಮರ್ ಕರೆಂಟಿಗೆ ಅಡ್ಡ ನಿಲ್ಲುವುದಿಲ್ಲ, ಬಾಗಿಲು ಹಾಕಿ ತೆಗೆದು ಮಾಡುತ್ತದೆ ಎಂದು ಮಕ್ಕಳಿಗೆ ಹೇಳುತ್ತೇನೆ. ಸೆಕೆಂಡಿಗೆ ನೂರು ಸಲ, ಕಣ್ಣಿಗೆ ಗೊತ್ತಾಗುವುದಿಲ್ಲ. ಬಾಗಿಲು ಹಾಕಿದಷ್ಟು ಹೊತ್ತು ಕರೆಂಟು ಹರಿಯುವುದೇ ಇಲ್ಲವಾದ್ದರಿಂದ ಡಿಮ್ಮರಿನೊಳಗೆ ಪೋಲಾಗುವುದು ತೀರಾ ಕಡಿಮೆ. ಆದರೂ ಹಳೆಯ ತಂತಿ ಬಲ್ಬಿನಲ್ಲಿ ಬೆಳಕು ಇಳಿದಷ್ಟು ಖರ್ಚು ಇಳಿಯುವುದಿಲ್ಲ. ಕೆಂಪಗಾದ ತಂತಿ ಬೆಳಕಿಗಿಂತ ಬಿಸಿಯನ್ನೇ ಕೊಡುತ್ತದೆ. ಅಂದರೆ ಚಂದ್ರಣ್ಣನ ಲೆಕ್ಕ ಹೊಸ ಡಿಮ್ಮರಿನಲ್ಲೂ ತಪ್ಪು. ಇದನ್ನು ಹೇಳುವಾಗ ನನಗೆ ಈಗಲೂ ಹಾಲು ಕುಡಿದಷ್ಟು ಸಂತೋಷ. ಎಲ್‌ಇಡಿ ಬಂದ ಮೇಲೆ ಮಾತ್ರ, ಡಿಮ್ಮರಿಗೆ ಹೊಂದುವ ಬಲ್ಬು ಹಾಕಿದರೆ, ಬೆಳಕು, ಖರ್ಚು ಎರಡೂ ಹೆಚ್ಚುಕಡಿಮೆ ಜೊತೆಗೇ ಇಳಿಯುತ್ತವೆ. ನಮ್ಮ ನಡುಮನೆಯಲ್ಲೂ ಅಂಥದೊಂದಿದೆ. ಅಜ್ಜಿಯ ಕಣ್ಣಿಗೆ ಎಷ್ಟು ಬೆಳಕು ಸಾಕಾಗುತ್ತಿತ್ತೋ ಎಂದು ಒಮ್ಮೊಮ್ಮೆ ತಿರುಗಿಸಿ ನೋಡುತ್ತೇನೆ. ಅದರಡಿ ಬಂದು ಕೂರುವವರಿಲ್ಲ.

ಶೈಲಾ ಚನ್ನಗಿರಿಯಲ್ಲಿದ್ದಾಳೆ. ಹೋದ ಗೌರಿ ಹುಣ್ಣಿಮೆಗೆ ಕರೆದಳು, ಹೋದೆ. ಅವಳ ಮಗಳು ಗೌರಿಯ ಮುಂದೆ ಕೂತು ಕಳಿಸುವ ಹಾಡು ಹೇಳತೊಡಗಿದಳು. "ನಿಮ್ಮಜ್ಜಿ ಹೇಳಿಕೊಟ್ಟಂಗೇ ಹೇಳ್ತಾಳೆ ನೋಡೆ" ಎಂದು ಶೈಲಾ ನನ್ನ ಕಿವಿಯಲ್ಲಿ ಉಸುರಿದಳು. ಎರಡನೇ ನುಡಿ ಮುಗಿದಲ್ಲಿ ನಮ್ಮಜ್ಜಿ ಉಸಿರು ಸಾಲದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಆ ಹುಡುಗಿಯೂ ಅಲ್ಲೇ ನಿಂತು ಗಂಟಲು ಸರಿಮಾಡಿಕೊಂಡಳು, ಅದೂ ಹಾಡಿನಲ್ಲೇ ಇದೆಯೆಂದು ತಿಳಿದು. ಅವಳು ನಮ್ಮಜ್ಜಿಯನ್ನು ಕಂಡವಳೇ ಅಲ್ಲ. ಮೂರನೇ ನುಡಿಗೆ ಎಲ್ಲರೂ ದನಿಗೂಡಿಸಿದರು. ನಾನು ಸುಮ್ಮನೆ ತುಟಿ ಆಡಿಸುತ್ತ ಕೂತೆ.