ಲಿಫ್ಟಿಗೆ ಹಿಡಿಯದ ಜೋಡಿ ಗಾಡಿ

ಪರದೆಯಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳಿರುವ ಕಟ್ಟಡದವರೆಲ್ಲ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಆ ತಿಂಗಳ ಸಿಟ್ಟಿಗೆ ಕಾರಣವಿತ್ತು.

ಮೂವತ್ತು ವರ್ಷ ಅಂಗಡಿಯೊಂದರಲ್ಲಿ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದವಳು, ಅದಕ್ಕೇ ಆ ಹೆಸರು. ಟೇಪಿನ ಅಂಕಿಗಳು ಅವಳಿಗೆ ಒಗ್ಗಲಿಲ್ಲ. ದಾರ ಹಿಡಿದು ಅಳೆದು ಗಂಟು ಹಾಕುವಳು, ಆ ಗಂಟಿನ ಲೆಕ್ಕಕ್ಕೆ ಬಟ್ಟೆ ಕತ್ತರಿಸುವಳು. ಗಿಡ್ಡವಾಯಿತೆಂದು ಒಂದು ಪರದೆಯೂ ವಾಪಸು ಬಂದದ್ದಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದಾಳೆ, ನಾಲ್ಕನೇ ಮಹಡಿಯಲ್ಲಿ. ಮಗಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಲಿಫ್ಟ್ ರಿಪೇರಿಯವನು. ಬೆಳಗ್ಗೆ ಎಂಟಕ್ಕೆ ಇಬ್ಬರೂ ಹೊರಟರೆ ಎರಡೂವರೆ ವರ್ಷದ ಮೊಮ್ಮಗ, ಏಳು ತಿಂಗಳ ಮೊಮ್ಮಗಳು ಅವಳ ಪಾಲು.

ಮೊದಲೆಲ್ಲ ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಹುಡುಗನ ಕೈ ಹಿಡಿದು ಪಾರ್ಕಿಗೆ ಹೋಗುತ್ತಿದ್ದಳು. ಒಂದು ದಿನ ಹುಡುಗ ಕೈ ಕೊಸರಿಕೊಂಡು ರಸ್ತೆಗೆ ಓಡಿದ. ಸೊಂಟದಲ್ಲಿ ಕೂಸು, ಮಂಡಿಯಲ್ಲಿ ನೋವು. ಅವಳಿಗೆ ಓಡಲಾಗಲಿಲ್ಲ. ಲಾರಿಯವನು ಬ್ರೇಕು ತುಳಿದು, ಕಿಟಕಿಯಿಂದ ತಲೆ ಹಾಕಿ, "ಏನಜ್ಜಿ, ಮಗೂನ ಬೀದಿಗೆ ಬಿಟ್ಟು ಗಾಳಿ ತಗೋತಿದ್ದೀಯಾ?" ಎಂದು ಬೈದ.

ಅವತ್ತಿನಿಂದ ಇಪ್ಪತ್ತು ದಿನ ಅವಳು ಮಕ್ಕಳನ್ನು ಹೊರಗೆ ಕರೆದೊಯ್ಯಲಿಲ್ಲ. ಎರಡು ಕೋಣೆಯೊಳಗೆ ಹುಡುಗ ಗೋಡೆಗೆ ಒದೆಯುತ್ತಿದ್ದ, ಕೂಸು ಕಿರುಚುತ್ತಿತ್ತು. ಅವಳು ಇಬ್ಬರ ಮೇಲೂ ರೇಗಿ, ಆಮೇಲೆ ತನ್ನ ಮೇಲೇ ಹಲ್ಲು ಕಡಿಯುತ್ತಿದ್ದಳು. ಇಬ್ಬರನ್ನೂ ಕೂರಿಸಿ ಬೆಲ್ಟು ಹಾಕುವಂಥ ಗಾಡಿ ಬಂದರೆ ಮಾತ್ರ ಹೊಸಿಲು ದಾಟುವೆ ಎಂದು ಮಗಳಿಗೆ ಹೇಳಿಬಿಟ್ಟಳು.

ಭಾನುವಾರ ಎಲ್ಲರೂ ಅಂಗಡಿಗೆ ಹೋದರು. ಗಾಡಿಗಳಲ್ಲಿ ಎರಡು ಬಗೆ. ಒಂದರಲ್ಲಿ ಸೀಟಿನ ಹಿಂದೆ ಸೀಟು, ಇನ್ನೊಂದರಲ್ಲಿ ಎರಡೂ ಅಕ್ಕಪಕ್ಕ. ಮಾರುವವನು ಖಾಲಿ ಗಾಡಿಯನ್ನು ಬೆರಳಲ್ಲಿ ತಿರುಗಿಸಿ, "ನೋಡಿ ಸಾರ್, ಎಷ್ಟು ಹಗುರ!" ಎಂದ.

"ತಳ್ಳೋದು ಸಾರ್ ಅಲ್ಲಪ್ಪ, ನಾನು," ಎಂದಳು ಪರದೆಯಮ್ಮ.

"ಅಜ್ಜಿಗೂ ಆರಾಮಾಗುತ್ತೆ ಸಾರ್," ಎಂದು ಅವನು ಮತ್ತೆ ಅಳಿಯನಿಗೇ ಹೇಳಿದ.

ಅವಳಿಗೆ ಮೈ ಉರಿಯಿತು. "ಖಾಲಿ ಗಾಡೀನ ಬೆಕ್ಕಿನ ಮರೀನೂ ತಳ್ಳುತ್ತೆ. ಮಕ್ಕಳನ್ನ ಕೂರಿಸಿ ತೋರಿಸು!"

ಮೊದಲ ಬಗೆಯದರಲ್ಲಿ ಹುಡುಗನನ್ನು ಹಿಂದೆ ಕೂರಿಸಿದ್ದೇ ತಡ, ಅವನು ಮುಂದಿದ್ದ ತಂಗಿಯ ಕೂದಲು ಹಿಡಿದು ಜಗ್ಗಿದ. ಅದು ಬೇಡವೆಂದು ತಳ್ಳಿ, ಅವಳು ಅಕ್ಕಪಕ್ಕದ ಗಾಡಿಗೆ ಬಂದಳು. ಚೀಲದಿಂದ ದಾರ ತೆಗೆದು ಚಕ್ರದಿಂದ ಚಕ್ರಕ್ಕೆ ಹಿಡಿದಳು. ಗಾಡಿಯ ಅಗಲ ಗಂಟಿನೊಳಗೆ ಬಂತು, ಒಂದು ಬೆರಳು ಮಿಕ್ಕಿತು ಕೂಡ. "ನಮ್ಮ ಲಿಫ್ಟ್ ಬಾಗಿಲಿನ ಅಳತೆ ಇದು. ಇದನ್ನೇ ಕೊಡು."

"ಅತ್ತೆ, ನಮ್ಮ ಲಿಫ್ಟ್ ಬಾಗಿಲು ಇಷ್ಟು..." ಎಂದು ಅಳಿಯ ಶುರು ಮಾಡಿದ.

"ನೀವು ಸುಮ್ನಿರಿ. ಸಾರ್ ಸಾರ್ ಅಂತ ಕೇಳಿ ಸಾಕಾಗಿದೆ. ಮೂವತ್ತು ವರ್ಷ ಅಳತೆ ಹಿಡಿದ ಕೈ ಇದು."

ಮಗಳು ಗಂಡನ ಮೊಣಕೈ ತಿವಿದಳು. ಅವನು ಬಾಯಿ ಮುಚ್ಚಿಕೊಂಡ.

ಕಟ್ಟಡದ ಕೆಳಗೆ ಬಂದು, ಇಬ್ಬರನ್ನೂ ಕೂರಿಸಿ, ಬೆಲ್ಟು ಬಿಗಿದು, ಪರದೆಯಮ್ಮ ಗಾಡಿಯನ್ನು ಲಿಫ್ಟಿಗೆ ನುಗ್ಗಿಸಿದಳು. ಎರಡೂ ಚಕ್ರ ಬಾಗಿಲ ಚೌಕಟ್ಟಿಗೆ ಬಡಿದು ನಿಂತವು. ಓರೆ ಮಾಡಿದರೂ ಹಿಡಿಯಲಿಲ್ಲ. ಮಡಚಿ ಒಯ್ಯೋಣವೆಂದರೆ, ದಿನಾ ಒಬ್ಬಳೇ ಇರುವಾಗ ಇಬ್ಬರು ಮಕ್ಕಳನ್ನು ಯಾರ ಕೈಗೆ ಕೊಡುವುದು? ಹುಡುಗ ಆಟವೆಂದುಕೊಂಡು ಚಪ್ಪಾಳೆ ತಟ್ಟಿದ, "ಅಜ್ಜಿ, ಇನ್ನೊಂದ್ಸಲ!" ಮೆಟ್ಟಿಲ ಕೆಳಗೆ ಇಡೋಣವೆಂದರೆ ಕಾವಲುಗಾರ ಗೋಡೆಯ ಮೇಲಿನ ಬೋರ್ಡು ತೋರಿಸಿದ. ಅಲ್ಲಿ ಯಾರ ಸಾಮಾನೂ ಇಡುವ ಹಾಗಿಲ್ಲ.

ಅವಳು ದಾರ ತೆಗೆದು ಬಾಗಿಲಿಗೆ ಹಿಡಿದಳು. ಎರಡೂ ಕಡೆ ಎರಡೆರಡು ಬೆರಳು ಹೆಚ್ಚಿತ್ತು. ಪರದೆಗೆ ಮಡಚಿ ಹೊಲಿಯಲು ಎರಡು ಅಂಚಿಗೂ ಬಿಡುವ ಬಟ್ಟೆಯೂ ಸರಿಯಾಗಿ ಅಷ್ಟೇ. ಬಾಗಿಲನ್ನು ಅಳೆಯುವಾಗ ಕೈ ತನ್ನಷ್ಟಕ್ಕೆ ತಾನೇ ಅದನ್ನು ಸೇರಿಸಿ ಗಂಟು ಹಾಕಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ತಲೆಯೆತ್ತಿ ನೋಡಿದರೆ ಅಳಿಯನ ಮುಖದಲ್ಲಿ ಆಶ್ಚರ್ಯವೇ ಇಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

"ಈ ಲಿಫ್ಟಿನ ಬಾಗಿಲು ಹಾಕಿದ್ದೇ ನಾನು ಅತ್ತೆ. ಹೇಳೋಕೆ ಬಂದೆ."

"ಎಷ್ಟು ಸಲ?"

"ಒಂದ್ಸಲ. ಆಮೇಲೆ ನಿಮ್ಮ ಬಾಯಿಗೆ ಯಾರು ಸಿಕ್ಕಿಹಾಕ್ಕೊಳ್ತಾರೆ?"

"ಲಿಫ್ಟಿನ ಹಗ್ಗ ಸವೆದಿದೆ ಅಂತ ಒಂದ್ಸಲ ಹೇಳಿ, ಮಾಲೀಕ ಗದರಿದ ಅಂತ ಸುಮ್ಮನೆ ಮನೆಗೆ ಬರ್ತೀಯೇನೋ? ಹತ್ತಿದವರು ಬಿದ್ರೆ ಬೀಳ್ಲಿ ಅಂತ?"

ಮದುವೆಯಾಗಿ ಐದು ವರ್ಷದಲ್ಲಿ ಅಳಿಯನಿಗೆ ಅವಳು ಹೀಗೆ ಏಕವಚನ ಬಳಸಿದ್ದಿಲ್ಲ. ಮಗಳು "ಅಮ್ಮಾ!" ಎಂದಳು. ಅಳಿಯನಿಗೂ ರೇಗಿತು.

"ಹಗ್ಗ ಸವೆದಿದ್ರೆ ಕರೆಂಟು ತೆಗೆದು ಬೀಗ ಹಾಕಿ ಬರ್ತೀನಿ ಅತ್ತೆ. ನಿಮಗೆ ಎಲ್ಲಿ ಹಾಕ್ಲಿ ಬೀಗ?"

ಕಾವಲುಗಾರ ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿದ. ಪರದೆಯಮ್ಮ ನಗಲಿಲ್ಲ. ಕೂಸನ್ನು ಎತ್ತಿಕೊಂಡು, ಲಿಫ್ಟನ್ನೂ ಬಿಟ್ಟು, ನೋಯುವ ಮಂಡಿಯಲ್ಲೇ ನಾಲ್ಕು ಮಹಡಿ ಹತ್ತಿದಳು. ಪ್ರತಿ ಮೆಟ್ಟಿಲಿಗೂ ಒಬ್ಬೊಬ್ಬರನ್ನು ಬೈದಳು. ಮಾರುವವನು, ಅಳಿಯ, ಬೋರ್ಡು ಬರೆದವರು. ಮೂರನೇ ಮಹಡಿಯ ಹೊತ್ತಿಗೆ ಬೈಯಲು ತಾನೊಬ್ಬಳೇ ಉಳಿದಿದ್ದಳು. ತನಗೆ ಹೆದರಿ ಮನೆಯವರು ನಿಜ ಹೇಳುವುದನ್ನೇ ಬಿಟ್ಟಿದ್ದಾರೆ ಎಂಬುದು ಮಂಡಿನೋವಿಗಿಂತ ಹೆಚ್ಚು ಚುಚ್ಚಿತು.

ಮರುದಿನ ಅಳಿಯ ರಜೆ ಹಾಕಿದ. ಬಿಲ್ಲಿದ್ದರೆ ಬದಲಾಯಿಸಿ ಕೊಡುವ ಅಂಗಡಿ ಅದು. ಪರದೆಯಮ್ಮ ಮಾರುವವನ ಮುಂದೆ ನಿಂತು ಹೇಳಿದಳು, "ಅಳತೆ ನಂದೇ ತಪ್ಪಿತ್ತು. ಆದ್ರೆ ತಳ್ಳೋಳು ನಾನು ಅಂದ್ರೂ ನೀನು ಇವರಿಗೇ ಹೇಳಿದ್ಯಲ್ಲ, ಅದು ಇವತ್ತಿಗೂ ತಪ್ಪೇ."

"ಆಯ್ತಮ್ಮ," ಎಂದ ಅವನು, ಈ ಸಲ ಅವಳನ್ನೇ ನೋಡಿ.

ಸೀಟಿನ ಹಿಂದೆ ಸೀಟಿರುವ ಗಾಡಿ ತರಿಸಿದಳು. ಹುಡುಗನನ್ನು ಮುಂದೆ ಕೂರಿಸಿ, ಕೂಸನ್ನು ಹಿಂದೆ ಕೂರಿಸಿದಳು. ಈಗ ಅವನ ಕೈಗೆ ಕೂದಲು ಸಿಗುತ್ತಿರಲಿಲ್ಲ. ಅಳಿಯ ತನ್ನ ಟೇಪಿನಿಂದ ಅಗಲ ಅಳೆದು, ಹಿಡಿಯುತ್ತದೆ ಎಂದ. ಆಮೇಲೆ ಬಗ್ಗಿ ಚಕ್ರ ಅಲ್ಲಾಡಿಸಿದ.

"ಅತ್ತೆ, ಬ್ರೇಕು ಸರಿಯಿಲ್ಲ."

"ಹೊಸ ಗಾಡಿ. ಸರಿಯಿರುತ್ತೆ, ನಡೀರಿ."

"ಸರಿಯಿಲ್ಲ ಅತ್ತೆ."

"ಹೋಗೋಣ ಅಂದ್ನಲ್ಲ!"

"ಬ್ರೇಕು ಹಿಡೀತಿಲ್ಲ," ಎಂದು ಅವನು ಮೂರನೇ ಸಲ ಹೇಳಿ, ಗಾಡಿಯ ಮುಂದೆ ಅಡ್ಡ ನಿಂತ.

ಅವಳು ಕಾಲಿಂದ ಬ್ರೇಕು ಒತ್ತಿ, ಹಿಡಿ ಹಿಡಿದು ನೂಕಿದಳು. ಮಕ್ಕಳ ಸಮೇತ ಗಾಡಿ ಮೆಲ್ಲಗೆ ಉರುಳಿತು.

"ಇದನ್ನ ಒಳಗಿಡಪ್ಪ. ಬೇರೆ ತಾ," ಎಂದಳು ಮಾರುವವನಿಗೆ, ಹಲ್ಲು ಕಡಿಯುತ್ತಲೇ.