ಗಿಡದ ಎತ್ತರಕ್ಕೆ ಕೂರುತ್ತಿದ್ದ ಪಿಳ್ಳಣ್ಣ

ಪ್ಲಾಸ್ಟಿಕ್ ಹೊದಿಸಿ ಬೆಳೆ ತೆಗೆಯುವ ಯಾರ ಪಾಲಿಹೌಸಿಗೆ ಹೋದರೂ ಪಿಳ್ಳಣ್ಣ ಮೊದಲು ಮಾತಾಡುತ್ತಿರಲಿಲ್ಲ. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಗಿಡಗಳ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಗಲ್ಲದಿಂದ ಬೆವರು ತೊಟ್ಟಿಕ್ಕುವವರೆಗೂ ಏಳುತ್ತಿರಲಿಲ್ಲ. ಎದ್ದ ಮೇಲೆ ಅವರು ಹೇಳುವುದನ್ನು ಕೇಳಿ ಎಂಥ ಮಾಲೀಕನ ಮುಖವೂ ಸಣ್ಣಗಾಗುತ್ತಿತ್ತು.

"ನೀವು ನಿಂತ್ಕೊಂಡು ಸೆಕೆ ನೋಡ್ತೀರ. ಗಿಡ ನಿಮ್ಮೆತ್ರಕ್ಕೆ ಇದೆಯಾ?"

ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡಿದ ಮೇಸ್ತ್ರಿ ಅವರು. ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದಾಗ ಅವುಗಳ ಗೇರುಗಳನ್ನು ಬಿಚ್ಚಿ ಮನೆ ತುಂಬ ತುಂಬಿಕೊಂಡರು. ಹೆಂಡತಿ ಬೈದರು, ನೆಂಟರು ನಕ್ಕರು. ಪಿಳ್ಳಣ್ಣ ಯಾರಿಗೂ ಸೊಪ್ಪು ಹಾಕಲಿಲ್ಲ. ಆ ಗೇರುಗಳೇ ಇವತ್ತಿಗೂ ನನ್ನ ಅರ್ಧ ಎಕರೆ ಕ್ಯಾಪ್ಸಿಕಂ ಪಾಲಿಹೌಸಿನ ಪರದೆಗಳನ್ನು ತಾವಾಗಿಯೇ ಎತ್ತಿ ಇಳಿಸುತ್ತಿವೆ.

ಅದಕ್ಕೂ ಮೊದಲು ನಮ್ಮಲ್ಲಿ ಇದ್ದದ್ದು ಫ್ಯಾನುಗಳನ್ನು ನಡೆಸುವ ಒಂದು ಕಂಪನಿಯ ಪೆಟ್ಟಿಗೆ. ಸೆಕೆ ಏರಿತೋ ಇಲ್ಲವೋ, ದೊಡ್ಡ ಫ್ಯಾನುಗಳೆಲ್ಲ ಒಟ್ಟಿಗೆ ಬೊಬ್ಬೆ ಹೊಡೆಯುತ್ತಿದ್ದವು. ತ್ರೀ ಫೇಸ್ ಕರೆಂಟು ಹೋದರೆ ಎಲ್ಲವೂ ಗಪ್‌ಚುಪ್. ನಮ್ಮ ಊರಿನಲ್ಲಿ ತ್ರೀ ಫೇಸ್ ಯಾವಾಗ ಬರುತ್ತದೆಂದು ಲೈನ್‌ಮನ್ನಿಗೂ ಗೊತ್ತಿರುವುದಿಲ್ಲ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮುಚ್ಚಿದ ಪ್ಲಾಸ್ಟಿಕ್ಕಿನ ಕೆಳಗೆ ಹೂವುಗಳು ಉದುರುತ್ತಿದ್ದರೆ ನಾನು ಕೈ ಹಿಸುಕಿಕೊಂಡು ನಿಂತಿರುತ್ತಿದ್ದೆ. ಹೂವಿಲ್ಲದೆ ಕಾಯಿ ಎಲ್ಲಿಂದ ಬರಬೇಕು? ಇನ್ನೊಂದು ಬೆಳೆ ಹೀಗೆ ಹೋದರೆ ಪಾಲಿಹೌಸನ್ನೇ ಬಿಚ್ಚಿಸುತ್ತೇನೆಂದು ಮನೆಯವರು ಹೇಳಿಬಿಟ್ಟಿದ್ದರು.

ಆಗ ಬಂದವರು ಪಿಳ್ಳಣ್ಣ. ಲಾರಿ ವೈಪರಿನ ಪುಟ್ಟ ಮೋಟರಿಗೆ ಮಗ್ಗದ ಗೇರು ಕೂಡಿಸಿ, ಒಂದು ಬ್ಯಾಟರಿಗೆ ಕಟ್ಟಿದರು. ಸೆಕೆ ಏರಿದರೆ ಮೊದಲು ಮೇಲಿನ ಕಿಂಡಿ ತೆರೆಯಬೇಕು, ಆಮೇಲೆ ಪಕ್ಕದ ಪರದೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಪರದೆ ಇಳಿದು ಫ್ಯಾನು, ಅದೂ ಒಂದೊಂದೇ. ತಾನಾಗೇ ಹೊರಟು ನಿಂತ ಸೆಕೆಯನ್ನು ಕರೆಂಟು ಸುಟ್ಟು ಯಾಕೆ ಓಡಿಸಬೇಕು ಎಂಬುದು ಅವರ ವಾದ. ಸೆಕೆ ಅಳೆಯುವ ಸೆನ್ಸರನ್ನು ಬಾಗಿಲಿನಿಂದ ಕಿತ್ತು, ತೂತು ಕೊರೆದ ಬಿಳಿ ಡಬ್ಬಿಯೊಳಗಿಟ್ಟು, ಗಿಡಗಳ ನಡುವೆ ಸೊಂಟದ ಎತ್ತರಕ್ಕೆ ನೇತುಹಾಕಿದರು.

ಕಂಪನಿಯ ಎಂಜಿನಿಯರು ಕಾರಿನಲ್ಲಿ ಬಂದು, ಹೊರಗಿನವರು ಕೈ ಹಾಕಿದರೆ ವಾರಂಟಿ ಹೋಗುತ್ತದೆಂದು ಎಚ್ಚರಿಸಿದ. ಪಿಳ್ಳಣ್ಣ ಸ್ಕ್ರೂಡ್ರೈವರ್ ಕೆಳಗಿಡದೆ ಕೇಳಿದರು:

"ವಾರಂಟಿ ಪೆಟ್ಗೆಗಾ, ಗಿಡಕ್ಕಾ ಸ್ವಾಮಿ?"

ಆ ಬೇಸಿಗೆ ನನ್ನ ಹೂವುಗಳು ಉದುರದೆ ನಿಂತವು. ಮನೆಯವರು ಬಾಯಿ ಮುಚ್ಚಿದರು. ನನಗೆ ಕೊಂಬು ಬಂದಂತಾಯಿತು. ಆದರೆ ಅದೇ ವರ್ಷ ಆಯುಧಪೂಜೆಯ ದಿನ ಎಡವಟ್ಟು ಮಾಡಿದವಳು ನಾನೇ. ಮೋಟರಿಗೆ, ಬ್ಯಾಟರಿಗೆ ಪೂಜೆ ಮಾಡಿದ ಮೇಲೆ ಆ ಬಿಳಿ ಡಬ್ಬಿಯೊಂದನ್ನು ಬಿಡಲು ಮನಸ್ಸು ಬರಲಿಲ್ಲ. ತೂತುಗಳ ಮೇಲೆ ಗಂಧ ಬಳಿದು, ದಪ್ಪನೆಯ ಚೆಂಡುಹೂವಿನ ಹಾರ ಸುತ್ತಿದೆ. ಮರುದಿನ ಬೆಳಿಗ್ಗೆ ಹಾರ ಬಾಡದಿರಲೆಂದು ಚೆನ್ನಾಗಿ ನೀರು ಬೇರೆ ಚಿಮುಕಿಸಿದೆ.

ಮಧ್ಯಾಹ್ನ ಹೋಗಿ ನೋಡಿದರೆ ಪರದೆಗಳು ಮುಚ್ಚಿಕೊಂಡೇ ಇದ್ದವು. ಒಳಗೆ ಉಸಿರಾಡಲಾಗದ ಧಗೆ, ನೆಲದ ತುಂಬ ಹೂವು. ತಲೆ ಕೆಟ್ಟುಹೋಯಿತು. ಪಿಳ್ಳಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ, ನಿಮ್ಮ ಗುಜರಿಯನ್ನು ಬಿಚ್ಚಿಕೊಂಡು ಹೋಗಿ ಎಂದೆ. ಕಂಪನಿಗೂ ಫೋನು ಮಾಡಿದೆ. ಎಂಜಿನಿಯರು ಹೊಸ ಪೆಟ್ಟಿಗೆಯ ಸಮೇತ ಹಾಜರಾದ.

ಪಿಳ್ಳಣ್ಣ ಮೊಪೆಡ್ ನಿಲ್ಲಿಸಿ ಬಂದವರು ಯಾರನ್ನೂ ನೋಡಲಿಲ್ಲ. ಎಂದಿನಂತೆ ಸಾಲಿನ ನಡುವೆ ಕೂತರು. ಕಣ್ಣೆದುರಿಗೇ ಡಬ್ಬಿ, ಡಬ್ಬಿಗೆ ಒದ್ದೆ ಹಾರ. ಅದನ್ನು ಮುಟ್ಟಿ ನೋಡಿದರು.

"ಬಿಚ್ಕೊಂಡ್ ಹೋಗಲ್ಲ ಕಣಮ್ಮ. ಮಿಷನ್ ಸುಳ್ಳು ಹೇಳಿದ್ರೆ ನಾನೇ ಸುತ್ಗೇಲಿ ಹೊಡೀತಿದ್ದೆ. ನೀವು ಒದ್ದೆ ಹೊದ್ಸಿದ್ರಿ, ಅದು ತಣ್ಣಗಿದೆ ಅಂತು. ತಪ್ಪು ಯಾರ್ದು?"

ಹಾರ ತೆಗೆದು, ಪಂಚೆಯ ಅಂಚಿನಿಂದ ಗಂಧ ಒರೆಸಿದರು. ಸ್ವಲ್ಪ ಹೊತ್ತಿಗೆ ಮೇಲೆ ಗೇರು ಕಿರುಗುಟ್ಟಿ ಕಿಂಡಿ ತೆರೆಯಿತು, ಹಿಂದೆಯೇ ಪಕ್ಕದ ಪರದೆಯೂ ಎದ್ದಿತು. ಎಂಜಿನಿಯರು ಪೆಟ್ಟಿಗೆ ಎತ್ತಿಕೊಂಡು ಹೊರಟ. ನಾನು ನಾಚಿ, ಆ ಒದ್ದೆ ಹಾರವನ್ನು ಹೊರಗೆ ಹಾಕಿ ಬಂದೆ. ಪಿಳ್ಳಣ್ಣ ಕೆಂಪು ಪೇಂಟು ತಂದು ಡಬ್ಬಿಯ ಮೇಲೆ ಸೊಟ್ಟ ಅಕ್ಷರದಲ್ಲಿ ಬರೆದರು: ಇದಕ್ಕೆ ಪೂಜೆ ಬೇಡ. ಗಾಳಿ ಬಿಡಿ.

ಆಮೇಲೆ ಶಿಕ್ಷೆಯೋ ಎಂಬಂತೆ ತಾವು ಕಟ್ಟಿದ್ದ ಇಡೀ ಮಿಷನ್ನನ್ನು ನನ್ನ ಕೈಯಲ್ಲೇ ಬಿಚ್ಚಿಸಿದರು, ಒಂದೊಂದು ವೈರನ್ನೂ ನನ್ನ ಕೈಯಲ್ಲೇ ಕೂಡಿಸಿದರು. ತಪ್ಪಿದಾಗಲೆಲ್ಲ ಮೊದಲಿಂದ ಮಾಡಿಸಿದರು. ತಾವಿಲ್ಲದಾಗ ನಾನು ಯಾರ ಕಾಲೂ ಹಿಡಿಯಬಾರದು ಎಂದರು. ಆಗ ಅದು ಬೈಗುಳದಂತೆ ಕೇಳಿಸಿತ್ತು.

ಕಳೆದ ವರ್ಷ ಪಿಳ್ಳಣ್ಣ ಹೋಗಿಬಿಟ್ಟರು. ಹದಿನೈದು ದಿನವೂ ಆಗಿರಲಿಲ್ಲ, ಕಂಪನಿಯ ಎಂಜಿನಿಯರು ಮತ್ತೆ ಬಂದ. ಮಾಡಿದವರೇ ಇಲ್ಲ, ಇನ್ನು ಕೆಟ್ಟರೆ ಯಾರು ನೋಡುತ್ತಾರೆ ಮೇಡಂ ಎಂದು ಬಹಳ ಮರುಕದಿಂದ ಕೇಳಿದ. ನನಗೆ ಮೈ ಉರಿದುಹೋಯಿತು. ಹಿಂದಿನ ವಾರವಷ್ಟೇ ಸುಟ್ಟ ಮೋಟರನ್ನು ಬದಲಾಯಿಸಿದ್ದವಳು ನಾನು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತೆ.

"ಬನ್ನಿ, ಇಲ್ಲಿ ಕೂತ್ಕೊಳಿ. ಬೆವರು ಇಳಿಯೋವರ್ಗೂ ಕೂತ್ರೆ ಮಾತಾಡಾಣ."

ಅವನು ಇಸ್ತ್ರಿ ಮಾಡಿದ ತನ್ನ ಪ್ಯಾಂಟು ನೋಡಿಕೊಂಡ, ಕೆಳಗಿನ ಹಸಿ ಮಣ್ಣು ನೋಡಿದ. ಮೇಲೆ ಗೇರು ಕಿರುಗುಟ್ಟಿತು, ಕಿಂಡಿ ತೆರೆಯಿತು. ಅವನು ನಿಂತೇ ಇದ್ದ. ನಾನು ಏಳಲಿಲ್ಲ.